ರಾಜಬಲಿ ಮತ್ತು ದೃಷ್ಟಿಯ ಹಿಡಿತ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ಸೋಮವಾರಪೇಟೆ ಕಡೆಯ ನಮ್ಮ ಊರಿನಲ್ಲಿ ಅಣ್ಣನೂ ನಾನೂ ಸೇರಿ ಸಣ್ಣ ಕಾಫಿ ತೋಟವೊಂದನ್ನು ನೋಡಿಕೊಳ್ಳುತ್ತಿದ್ದೇವೆ. ಹಳೆಯ ಮನೆಯ ಪಕ್ಕದಲ್ಲಿ ನಾಲ್ಕು ಕೋಣೆಗಳ ಹೋಂಸ್ಟೇಯನ್ನೂ ನಡೆಸುತ್ತೇವೆ. ಕೆಲವು ವರ್ಷಗಳಿಂದ ಇಬ್ಬರೂ ಬೈಲುಕುಪ್ಪೆಗೆ ಹೋಗಿಬರುತ್ತಿದ್ದು, ಬೌದ್ಧ ಗೃಹಸ್ಥರ ಪಂಚಶೀಲವನ್ನು ಸ್ವೀಕರಿಸಿದ್ದೇವೆ. ಆದರೆ ಹೋಂಸ್ಟೇಯ ಬಾಡಿಗೆ ನಗದಾಗಿ ಬಂದಾಗ ಅಣ್ಣ ಅದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಸೇರಿಸಿದರೂ ಒಂದು ಪಾಲನ್ನು ಕಾಫಿ ಮಾರಿದ ಹಣವೆಂದು ಬರೆಯುತ್ತಾರೆ. ಇದು ಎರಡನೆಯ ಶೀಲಕ್ಕೆ, ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲವೆಂಬುದಕ್ಕೆ, ವಿರುದ್ಧವೆಂದು ನಾನು ಹೇಳಿದರೆ, "ಕರ ಕೊಡಲೇಬೇಕೆಂಬುದು ನಿನ್ನ ಅಭಿಪ್ರಾಯ. ಅಭಿಪ್ರಾಯಕ್ಕೆ ಅಂಟಿಕೊಳ್ಳಬಾರದೆಂದೇ ಬುದ್ಧ ಹೇಳಿರುವುದು. ಅಂಟಿಕೊಂಡಿರುವವನು ನೀನು, ನಾನಲ್ಲ" ಎನ್ನುತ್ತಾರೆ. ಕಳೆದ ಹುತ್ತರಿಯ ದಿನ ನೆಂಟರೆಲ್ಲ ಸೇರಿದ್ದಾಗ ಮಾತಿಗೆ ಮಾತು ಬೆಳೆದು ನಾನು ಅವರನ್ನು ಕಳ್ಳ ಎಂದುಬಿಟ್ಟೆ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಸರಿ ಯಾರದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿವೆ, ನಿಮ್ಮ ಅಣ್ಣನವರ ವಾದಕ್ಕೆ ಬಲ ಬಂದಿರುವುದೂ ಆ ಹೆಣಿಗೆಯಿಂದಲೇ. ಕರ ಕೊಡುವುದು ನಡತೆಯ ಮಾತು, ಅಂದರೆ ಶೀಲದ ಮಾತು. ಕೊಡುವುದೇ ಸರಿಯೆಂಬ ತಿಳಿವಳಿಕೆಯನ್ನು ಮನಸ್ಸು ಹೇಗೆ ಹಿಡಿದುಕೊಂಡಿದೆ ಎಂಬುದು ದೃಷ್ಟಿಯ, ಅಂದರೆ ಅಭಿಪ್ರಾಯದ, ಮಾತು. ಒಂದರ ಲೆಕ್ಕವನ್ನು ಇನ್ನೊಂದರಲ್ಲಿ ತೀರಿಸಲಾಗುವುದಿಲ್ಲ. ಆದ್ದರಿಂದ ಇವೆರಡನ್ನು ಬಿಡಿಸಿ ನೋಡೋಣ.

ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲೊಂದಾದ ಅಂಗುತ್ತರ ನಿಕಾಯದಲ್ಲಿ, 'ಆದಿಯ' ಎಂಬ ಹೆಸರಿನ ಸುತ್ತದಲ್ಲಿ, ಅಂದರೆ ಉಪದೇಶದಲ್ಲಿ, ಬುದ್ಧ ಅನಾಥಪಿಂಡಿಕ ಗೃಹಪತಿಗೆ, ಬೆವರು ಸುರಿಸಿ ನ್ಯಾಯವಾಗಿ ಗಳಿಸಿದ ಸಂಪತ್ತಿನ ಐದು ಉಪಯೋಗಗಳನ್ನು ವಿವರಿಸುತ್ತಾನೆ. ತಾನೂ ತಂದೆ ತಾಯಿಯೂ ಹೆಂಡತಿ ಮಕ್ಕಳೂ ಆಳುಕಾಳುಗಳೂ ಸುಖವಾಗಿರುವುದು, ಸ್ನೇಹಿತರನ್ನು ಸುಖವಾಗಿಡುವುದು, ಆಪತ್ತಿನಿಂದ ಸಂಪತ್ತನ್ನು ಕಾಪಾಡಿಕೊಳ್ಳುವುದು ಇವಾದ ಮೇಲೆ, ಶ್ರಮಣರಿಗೆ ಕೊಡುವ ದಾನಕ್ಕೂ ಮೊದಲು, ಪಂಚಬಲಿಯ ಮಾತು ಬರುತ್ತದೆ. ನೆಂಟರಿಗೆ, ಅತಿಥಿಗಳಿಗೆ, ಗತಿಸಿದ ಹಿರಿಯರಿಗೆ, ರಾಜನಿಗೆ, ದೇವತೆಗಳಿಗೆ ಸಲ್ಲಬೇಕಾದವು ಆ ಐದು ಬಲಿಗಳು. ಹಬ್ಬದ ದಿನ ಗುರುಕಾರೋಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಮೀದಿ ಎಂಬ ಎಡೆ ಇಟ್ಟ ಮೇಲೆಯೇ ತಾವು ಎಲೆಯ ಮುಂದೆ ಕುಳಿತುಕೊಳ್ಳುವ ನಮ್ಮ ಜಿಲ್ಲೆಯ ಮನೆಗಳಿಗೆ ಈ ಪಟ್ಟಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನನ್ನ ಗಮನ ಸೆಳೆದದ್ದು ಬೇರೆ. ಹಿರಿಯರಿಗೆ ಇಡುವ ಎಡೆಗೂ ಅರಸನಿಗೆ ಸಲ್ಲಿಸುವ ಕರಕ್ಕೂ ಅಲ್ಲಿ ಒಂದೇ ಶಬ್ದವಿದೆ, ಬಲಿ. ಎಂದರೆ, ಗಳಿಸಿದ್ದೆಲ್ಲವೂ ಗಳಿಸಿದವನೊಬ್ಬನದಲ್ಲ. ಅದರಲ್ಲಿ ಮೊದಲೇ ಬೇರೆಯವರ ಪಾಲು ಸೇರಿದೆ ಎಂಬ ಗ್ರಹಿಕೆ ಆ ಶಬ್ದದಲ್ಲಿದೆ.

ರಾಜನಿಗೆ ಈ ಪಾಲು ಎಲ್ಲಿಂದ ಬಂತು ಎಂಬುದನ್ನು ದೀಘ ನಿಕಾಯದ ಅಗ್ಗಞ್ಞ ಸುತ್ತ ಹೇಳುತ್ತದೆ. ಹೊಲಗಳಿಗೆ ಗಡಿ ಹಾಕಿಕೊಂಡ ಮನುಷ್ಯರು ಒಬ್ಬರ ಪಾಲನ್ನು ಇನ್ನೊಬ್ಬರು ಕದಿಯತೊಡಗಿದಾಗ, ಜನರೇ ಸೇರಿ ತಮ್ಮಲ್ಲಿ ಒಬ್ಬನನ್ನು ಆರಿಸಿ, ತಪ್ಪು ಮಾಡಿದವರನ್ನು ದಂಡಿಸುವ ಕೆಲಸವನ್ನು ಅವನಿಗೆ ವಹಿಸಿ, ಅದಕ್ಕೆ ಪ್ರತಿಯಾಗಿ ತಮ್ಮ ಭತ್ತದಲ್ಲಿ ಒಂದು ಪಾಲನ್ನು ಕೊಡುತ್ತೇವೆಂದು ಒಪ್ಪಿಕೊಂಡರಂತೆ. ಮಹಾಜನರಿಗೆ ಸಮ್ಮತನಾದ್ದರಿಂದ ಅವನು ಮಹಾಸಮ್ಮತನಾದ. ಅರಸುತನವನ್ನು ದೈವದತ್ತವೆನ್ನದೆ, ಕರವನ್ನು ಕೆಲಸಕ್ಕೆ ಕೊಡುವ ಕೂಲಿಯಂತೆ ಕಾಣುವ ಈ ಕಥೆ ಪ್ರಜಾಪ್ರಭುತ್ವದಲ್ಲಿ ಬದುಕುವ ನಮಗೆ ಇನ್ನೂ ಹತ್ತಿರವಾದದ್ದು.

ಇನ್ನು ಕರ ತಪ್ಪಿಸುವುದು ಕಳ್ಳತನವೇ ಎಂಬ ಪ್ರಶ್ನೆ. ಸಂಘದ ನಿಯಮಗಳ ಗ್ರಂಥವಾದ ವಿನಯಪಿಟಕ ಇದನ್ನು ಊಹೆಗೆ ಬಿಟ್ಟಿಲ್ಲ. ಭಿಕ್ಷುಗಳ ಎರಡನೆಯ ಪಾರಾಜಿಕ ನಿಯಮವು ಕೊಡದ್ದನ್ನು ತೆಗೆದುಕೊಳ್ಳುವುದನ್ನು ಕುರಿತದ್ದು. ಅದರ ವಿವರಣೆಯಲ್ಲಿ ಸುಂಕದ ಕಟ್ಟೆಯ ಮಾತು ಪ್ರತ್ಯೇಕವಾಗಿಯೇ ಬರುತ್ತದೆ. ಬೆಟ್ಟದ ಕಣಿವೆಯಲ್ಲೋ ಹೊಳೆಯ ಕಡವಿನಲ್ಲೋ ಊರ ಬಾಗಿಲಲ್ಲೋ ಅರಸನು ಸುಂಕದ ಕಟ್ಟೆಯನ್ನಿಟ್ಟಿದ್ದರೆ, ಸುಂಕ ಸಲ್ಲಬೇಕಾದ ಐದು ಮಾಸಕ (ಅಂದಿನ ನಾಣ್ಯ) ಅಥವಾ ಅದಕ್ಕೂ ಹೆಚ್ಚು ಬೆಲೆಯ ವಸ್ತುವನ್ನು ಕದಿಯುವ ಮನಸ್ಸಿನಿಂದ ಅದರಾಚೆಗೆ ಸಾಗಿಸಿದ ಭಿಕ್ಷು ಪಾರಾಜಿಕನಾಗುತ್ತಾನೆ, ಅಂದರೆ ಆ ಕ್ಷಣದಿಂದಲೇ ಅವನು ಭಿಕ್ಷುವಲ್ಲ. ಸಂಪಾಜೆ, ಮಾಕುಟ್ಟ, ಕುಟ್ಟಗಳ ಗೇಟುಗಳನ್ನು ನೋಡಿಕೊಂಡು ಬೆಳೆದ ನಮಗೆ ಆ ಕಣಿವೆ, ಆ ಕಡವು ಕಣ್ಣಿಗೆ ಕಟ್ಟುತ್ತವೆ. ಅದೇ ಭಾಗದಲ್ಲಿ ಇನ್ನೊಂದು ಪ್ರಸಂಗವಿದೆ. ಸುಂಕದ ಕಟ್ಟೆಯನ್ನು ಕಂಡವನೊಬ್ಬ ತನ್ನ ಬೆಲೆಬಾಳುವ ಮಣಿಯನ್ನು ಒಬ್ಬ ಭಿಕ್ಷುವಿನ ಚೀಲದಲ್ಲಿ, ಅವನಿಗೆ ತಿಳಿಯದಂತೆ, ಹಾಕಿಬಿಡುತ್ತಾನೆ. ಭಿಕ್ಷು ಕಟ್ಟೆಯನ್ನು ದಾಟಿದ ಮೇಲೆ ವಿಷಯ ತಿಳಿದು ಕಳವಳಗೊಂಡಾಗ, ಅರಿಯದೆ ಮಾಡಿದ್ದರಲ್ಲಿ ದೋಷವಿಲ್ಲವೆಂದು ಬುದ್ಧ ಹೇಳುತ್ತಾನೆ. ತೂಗಿದ್ದು ಮನಸ್ಸನ್ನು. ಗೃಹಸ್ಥರಾದ ನಿಮಗೆ ಪಾರಾಜಿಕ ಅನ್ವಯಿಸುವುದಿಲ್ಲ, ಆದರೆ ಅದಿನ್ನಾದಾನ, ಅಂದರೆ ಕೊಡದ್ದನ್ನು ತೆಗೆದುಕೊಳ್ಳುವುದು, ಎಂಬ ಶಬ್ದ ಭಿಕ್ಷುವಿಗೂ ಗೃಹಸ್ಥನಿಗೂ ಒಂದೇ. ಹೋಂಸ್ಟೇಯ ಬಾಡಿಗೆಯನ್ನು ಕಾಫಿಯ ಹಣವೆಂದು ಬರೆಯುವವರಿಗೆ ತಾವು ಬರೆಯುತ್ತಿರುವುದು ಏನೆಂದು ತಿಳಿದಿರುತ್ತದೆ. ಹಾಗೆ ಬರೆದಾಗ ಎರಡನೆಯ ಶೀಲದ ಜೊತೆಗೆ ನಾಲ್ಕನೆಯದೂ, ಸುಳ್ಳಾಡುವುದಿಲ್ಲವೆಂಬುದೂ, ಕೆಡುತ್ತದೆ. ಈ ಮಟ್ಟಿಗೆ ನೀವು ಹೇಳಿದ್ದು ಸರಿ.

ಆದರೆ ಕಾನೂನು ತಾನಾಗಿ ಬಿಟ್ಟುಕೊಟ್ಟದ್ದನ್ನು ಉಳಿಸಿಕೊಳ್ಳುವುದು ಕಳ್ಳತನವಲ್ಲ. 1961ರ ಆದಾಯ ತೆರಿಗೆ ಕಾಯಿದೆಯು ಕೃಷಿ ಆದಾಯವನ್ನು ಕೇಂದ್ರದ ತೆರಿಗೆಯಿಂದ ಹೊರಗಿಟ್ಟಿತು. ಕಾಫಿ ಬೆಳೆಗಾರ ತಾನೇ ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದ ಶೇಕಡ 25ರಷ್ಟನ್ನೂ, ಹುರಿದು ಪುಡಿ ಮಾಡಿ ಮಾರಿದರೆ ಶೇಕಡ 40ರಷ್ಟನ್ನೂ ಮಾತ್ರ ತೆರಿಗೆಗೆ ಒಳಪಡುವ ವ್ಯಾಪಾರದ ಆದಾಯವೆಂದು ಅದರಡಿಯ 7ಬಿ ನಿಯಮವು ಎಣಿಸಿತು. ಕೊಡಗಿನ ವಂಶಪಾರಂಪರ್ಯದ ಹಿಡುವಳಿಯಾದ ಜಮ್ಮಾ ಜಮೀನಿಗೆ ಸಾಮಾನ್ಯ ಸಾಗು ಜಮೀನಿನ ಅರ್ಧದಷ್ಟು ಕಂದಾಯವಿದ್ದದ್ದನ್ನು ನಮ್ಮ ಹಿರಿಯರು ನಾಚಿಕೆಯ ವಿಷಯವೆಂದು ಭಾವಿಸಲಿಲ್ಲ, ಭಾವಿಸಬೇಕಾದ ಕಾರಣವೂ ಇರಲಿಲ್ಲ. ಅಶೋಕ ತನ್ನ ಪಟ್ಟಾಭಿಷೇಕದ 20ನೇ ವರ್ಷದ ನಂತರ ಲುಂಬಿನಿಗೆ ಬಂದು, ಬುದ್ಧ ಹುಟ್ಟಿದ ಊರೆಂಬ ಕಾರಣಕ್ಕೆ ಆ ಗ್ರಾಮವನ್ನು ಬಲಿಯಿಂದ ಬಿಡುಗಡೆ ಮಾಡಿ, ಎಂಟನೇ ಒಂದು ಪಾಲನ್ನು ಗೊತ್ತುಪಡಿಸಿದ್ದನ್ನು ಅಲ್ಲಿಯ ಕಂಬದ ಶಾಸನ ಹೇಳುತ್ತದೆ. ಆ ರಿಯಾಯಿತಿ ಕೊಟ್ಟದ್ದು; ಲುಂಬಿನಿಯವರು ರಾತ್ರೋರಾತ್ರಿ ತಾವಾಗಿ ತೆಗೆದುಕೊಂಡದ್ದಲ್ಲ. ನಿಮ್ಮ ತೋಟದ ಆದಾಯಕ್ಕೂ ಹೋಂಸ್ಟೇಯ ಆದಾಯಕ್ಕೂ ನಡುವಿನ ಗೆರೆ ಇದೇ.

ಈಗ ನಿಮ್ಮ ಅಣ್ಣನವರ ಮಾತಿಗೆ ಬರುತ್ತೇನೆ. ದೃಷ್ಟಿಗೆ ಅಂಟಿಕೊಳ್ಳುವುದನ್ನು ಬುದ್ಧ ದೋಷವೆಂದು ಕಂಡದ್ದು ನಿಜ. ಕಾಮ, ದೃಷ್ಟಿ, ಶೀಲವ್ರತ, ಆತ್ಮವಾದ ಎಂಬ ನಾಲ್ಕು ಉಪಾದಾನಗಳಲ್ಲಿ, ಅಂದರೆ ಅಂಟಿಕೊಳ್ಳುವಿಕೆಗಳಲ್ಲಿ, ಎರಡನೆಯದು ಅದು. ಸುತ್ತನಿಪಾತದ ಅಟ್ಠಕವಗ್ಗ ಬಹುಮಟ್ಟಿಗೆ ಈ ಒಂದೇ ವಿಷಯದ ಸುತ್ತ ಹೆಣೆದಿರುವ ಪದ್ಯಗಳ ಗುಚ್ಛ. ತನ್ನದು ಶ್ರೇಷ್ಠ, ಉಳಿದದ್ದೆಲ್ಲ ಕೀಳು ಎಂದು ದೃಷ್ಟಿಯೊಂದರಲ್ಲಿ ನೆಲೆಸಿದವನು ಜಗಳಗಳನ್ನು ದಾಟುವುದಿಲ್ಲ ಎಂದು ಅದು ಮತ್ತೆ ಮತ್ತೆ ಹೇಳುತ್ತದೆ. ಆದರೆ ಅದೇ ಅಟ್ಠಕವಗ್ಗದ ಮಾಗಂದಿಯ ಸುತ್ತವನ್ನು ನಿಮ್ಮ ಅಣ್ಣ ಓದಿದ್ದರೆ, ಅವರ ವಾದ ಅಲ್ಲಿಯೇ ನಿಂತುಹೋಗುತ್ತಿತ್ತು. ದೃಷ್ಟಿಯಿಂದ, ಕೇಳಿದ್ದರಿಂದ, ಜ್ಞಾನದಿಂದ, ಶೀಲವ್ರತಗಳಿಂದ ಶುದ್ಧಿಯೆಂದು ನಾನು ಹೇಳುವುದಿಲ್ಲ ಎಂದ ಬುದ್ಧ, ಉಸಿರು ಬಿಡುವ ಮೊದಲೇ ಮುಂದುವರಿಸುತ್ತಾನೆ: ದೃಷ್ಟಿ ಇಲ್ಲದಿರುವುದರಿಂದಲೂ ಅಲ್ಲ, ಕೇಳದಿರುವುದರಿಂದಲೂ ಅಲ್ಲ, ಜ್ಞಾನವಿಲ್ಲದಿರುವುದರಿಂದಲೂ ಅಲ್ಲ, ಶೀಲವಿಲ್ಲದಿರುವುದರಿಂದಲೂ ಅಲ್ಲ. ಮಾಗಂದಿಯನಿಗೆ ಇದು ತಲೆ ಕೆಡಿಸುವ ಮಾತಾಗಿ ಕೇಳಿಸಿತು. ಮೊದಲ ಸಾಲನ್ನಷ್ಟೇ ಎತ್ತಿಕೊಂಡು ಎರಡನೆಯದನ್ನು ಬಿಟ್ಟರೆ ಯಾವ ದುರ್ನಡತೆಗೂ ಅದು ರಕ್ಷಣೆಯಾಗಬಹುದು. ಅಲಗದ್ದೂಪಮ ಸುತ್ತದ ತೆಪ್ಪದ ಉಪಮೆಯೂ ಹೀಗೆಯೇ ಬಳಕೆಯಾಗುತ್ತದೆ. ಹೊಳೆ ದಾಟಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ನಡೆಯಬೇಡಿ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಧರ್ಮಗಳನ್ನೇ ಬಿಡಬೇಕಾಗಿರುವಾಗ ಅಧರ್ಮಗಳನ್ನು ಬಿಡಬೇಕೆಂದು ಹೇಳಬೇಕೇ ಎಂಬ ಅದರ ಕೊನೆಯ ಮಾತು ನೆನಪಿರುವುದಿಲ್ಲ. ತುಂಬಿ ಹರಿಯುವ ಕಾವೇರಿಯ ನಡುವೆ ತೆಪ್ಪದಿಂದ ಇಳಿದವನನ್ನು ನಿರ್ಮೋಹಿ ಎಂದು ಯಾರೂ ಕರೆಯುವುದಿಲ್ಲ.

"ಯಾವ ಅಭಿಪ್ರಾಯವೂ ಬೇಡ" ಎಂಬುದೂ ಒಂದು ಅಭಿಪ್ರಾಯವೇ. ದೀಘನಖನೆಂಬ ಪರಿವ್ರಾಜಕ ಗೃಧ್ರಕೂಟ ಬೆಟ್ಟದಲ್ಲಿ ಬುದ್ಧನ ಬಳಿಗೆ ಬಂದು, ತನಗೆ ಯಾವುದೂ ಒಪ್ಪಿಗೆಯಾಗುವುದಿಲ್ಲ ಎಂದಾಗ, ಬುದ್ಧ ಕೇಳಿದ್ದು ಇಷ್ಟೇ: ಯಾವುದೂ ಒಪ್ಪಿಗೆಯಿಲ್ಲವೆಂಬ ಈ ದೃಷ್ಟಿಯಾದರೂ ನಿನಗೆ ಒಪ್ಪಿಗೆಯೇ? ಅಣ್ಣನವರ ಹಿಡಿತ ಎಲ್ಲಿದೆಯೆಂದು ಹುಡುಕಿದರೆ ಅದು ಅಭಿಪ್ರಾಯದಲ್ಲಿ ಸಿಗಲಾರದು. ಲೆಕ್ಕಕ್ಕೆ ಬಾರದ ಹಣದಲ್ಲಿ ಸಿಗಬಹುದು. ಅದು ದೃಷ್ಟಿಗೆ ಅಂಟಿಕೊಳ್ಳುವ ದಿಟ್ಠುಪಾದಾನಕ್ಕಿಂತ ಹಳೆಯದಾದ, ಸುಖಕ್ಕೆ ಅಂಟಿಕೊಳ್ಳುವ ಕಾಮುಪಾದಾನ.

ಇಷ್ಟು ಹೇಳಿದ ಮೇಲೆ, ನಿಮ್ಮ ಕಡೆಗೆ ತಿರುಗದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. ನೆಂಟರ ಮುಂದೆ, ಹಬ್ಬದ ದಿನ, ಸ್ವಂತ ಅಣ್ಣನನ್ನು ಕಳ್ಳನೆಂದ ಗಳಿಗೆಯಲ್ಲಿ ನಿಮ್ಮ ಮನಸ್ಸು ಶೀಲವನ್ನು ಕಾಪಾಡುತ್ತಿತ್ತೇ, ಇಲ್ಲವೇ ನಿಮ್ಮ ಶೀಲದ ಹಿರಿಮೆಯನ್ನು ಕಾಪಾಡುತ್ತಿತ್ತೇ? ಅದನ್ನು ನೀವೊಬ್ಬರೇ ಹೇಳಬಲ್ಲಿರಿ. ಸುಭಾಷಿತಕ್ಕೆ ಬುದ್ಧ ಐದು ಲಕ್ಷಣಗಳನ್ನು ಹೇಳಿದ್ದಾನೆ: ಸಕಾಲದಲ್ಲಿ ಆಡಿದ್ದು, ಸತ್ಯವಾದದ್ದು, ಮೃದುವಾದದ್ದು, ಹಿತವಾದದ್ದು, ಮೈತ್ರಿಯ ಮನಸ್ಸಿನಿಂದ ಬಂದದ್ದು. ನಿಮ್ಮ ಮಾತಿಗೆ ಸತ್ಯದ ಲಕ್ಷಣವೊಂದನ್ನು ಮಾತ್ರ ನಾನು ಒಪ್ಪಬಲ್ಲೆ. ಚಂಕಿ ಸುತ್ತದಲ್ಲಿ ಸತ್ಯವನ್ನು ಕಾಪಾಡುವವನ ನುಡಿಯ ರೀತಿ ಬರುತ್ತದೆ. ಅವನು "ಇದು ನನ್ನ ನಂಬಿಕೆ" ಎನ್ನುತ್ತಾನೆ. "ಇದಮೇವ ಸಚ್ಚಂ, ಮೋಘಮಞ್ಞಂ", ಇದೊಂದೇ ಸತ್ಯ, ಉಳಿದದ್ದೆಲ್ಲ ಹುಸಿ ಎಂಬ ತೀರ್ಮಾನಕ್ಕೆ ಹಾರುವುದಿಲ್ಲ. ನಿಮ್ಮ ಪಾಲಿನ ಕರವನ್ನು ನೀವು ಒಂದು ರೂಪಾಯಿಯೂ ಬಿಡದಂತೆ ಕಟ್ಟಬಹುದು, ಕಟ್ಟಬೇಕು. ಕಟ್ಟಿದ ರಸೀದಿಯನ್ನು ಅಣ್ಣನೆದುರು ಬಾವುಟದಂತೆ ಹಿಡಿಯಬೇಕಾಗಿಲ್ಲ. ಶೀಲವನ್ನು ಬಿಗಿಯಾಗಿಟ್ಟುಕೊಂಡು ಅದರ ಹೆಮ್ಮೆಯನ್ನು ಸಡಿಲಿಸಲು ಸಾಧ್ಯವಿದೆ. ದೃಷ್ಟಿಯನ್ನು ಬಿಡುವುದೆಂದರೆ ನಾನು ತಿಳಿದಿರುವ ಅರ್ಥ ಅದೇ.

ಪ್ರಶ್ನೆ: ಪೊನ್ನಂಪೇಟೆಯ ನಿವೃತ್ತ ಶಿಕ್ಷಕ ನಾನು. ನಾವು ಕಟ್ಟುವ ತೆರಿಗೆಯಲ್ಲಿ ಒಂದು ಪಾಲು ಶಸ್ತ್ರಾಸ್ತ್ರಕ್ಕೆ ಹೋಗುತ್ತದೆ, ಇನ್ನೊಂದು ಪಾಲು ಭ್ರಷ್ಟರ ಕೈ ಸೇರುತ್ತದೆ. ಅಹಿಂಸೆಯ ಶೀಲವನ್ನು ಹೊತ್ತವನು ಇದಕ್ಕೆ ಹಣ ಕೊಟ್ಟರೆ ಆ ಪಾಪದಲ್ಲಿ ಅವನಿಗೂ ಪಾಲಿಲ್ಲವೇ?

ಉತ್ತರ: ಗುರುಗಳೇ, ಮನೆಗೊಬ್ಬರಂತೆ ಸೇನೆಗೆ ಕಳುಹಿಸಿದ ಜಿಲ್ಲೆಯಲ್ಲಿ ಕುಳಿತು ಈ ಪ್ರಶ್ನೆ ಕೇಳಲು ಧೈರ್ಯ ಬೇಕು. ಸುತ್ತಗಳು ಇದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ. ಕೊಲ್ಲುವ ಮನಸ್ಸಿನಿಂದ ಹೋರಾಡುತ್ತಾ ಸತ್ತ ಯೋಧನಿಗೆ ಸ್ವರ್ಗ ಸಿಗುತ್ತದೆಯೇ ಎಂದು ಯೋಧರ ಮುಖಂಡನೊಬ್ಬ ಕೇಳಿದಾಗ, ಬುದ್ಧ ಮೂರು ಸಲ ಕೇಳಿಸಿಕೊಂಡ ಮೇಲೆ, ಇಲ್ಲವೆಂದೇ ಹೇಳಿದ. ಶಸ್ತ್ರದ ವ್ಯಾಪಾರವನ್ನು ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ಸೇರಿಸಿದ. ಅದೇ ಬುದ್ಧನಿಗೆ ವೈಶಾಲಿಯ ಸಿಂಹ ಸೇನಾಪತಿ ಉಪಾಸಕನಾದಾಗ, ಸೇನಾಪತಿಯ ಹುದ್ದೆಯನ್ನು ಬಿಡೆಂದು ಹೇಳಿದ ಮಾತು ಆ ಸುತ್ತದಲ್ಲಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಯೋಚಿಸಬೇಕೆಂದು ನನಗೆ ತೋರುತ್ತದೆ.

ಚೇತನೆಯನ್ನೇ, ಅಂದರೆ ಮಾಡುವವನ ಉದ್ದೇಶವನ್ನೇ, ನಾನು ಕರ್ಮವೆನ್ನುತ್ತೇನೆ ಎಂಬುದು ಬುದ್ಧನ ಮಾತು. ತೆರಿಗೆ ಕಟ್ಟುವವನ ಚೇತನೆ ಕೊಲ್ಲುವುದಲ್ಲ, ಸಲ್ಲಬೇಕಾದದ್ದನ್ನು ಸಲ್ಲಿಸುವುದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರುಗಳ ಗುಡ್ಡಗಳು ಕುಸಿದಾಗ ಬಂದ ರಕ್ಷಣಾ ಪಡೆಯವರ ಸಂಬಳವೂ, ಆಮೇಲೆ ಕರ್ಣಂಗೇರಿ, ಮದೆನಾಡುಗಳಲ್ಲಿ ಎದ್ದ ಮನೆಗಳೂ, ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನಿರಾಶ್ರಿತ ಟಿಬೆಟಿಯನ್ನರಿಗೆ ಸರ್ಕಾರ ಒದಗಿಸಿದ ಜಮೀನೂ ಇದೇ ಬೊಕ್ಕಸದ ಆಸರೆಯಲ್ಲಿ ಆದವು. ನಮ್ಮ ರೂಪಾಯಿ ಬಂದೂಕಿಗೆ ಹೋಯಿತೋ ಮನೆಗೆ ಹೋಯಿತೋ ಎಂದು ಬೇರ್ಪಡಿಸಿ, ಇಷ್ಟವಾದ ಪಾಲನ್ನು ಮಾತ್ರ ಕೊಡುವ ದಾರಿ ನಮಗಿಲ್ಲ.

ಭ್ರಷ್ಟತೆಯ ಕುರಿತು ಹೇಳುವುದಾದರೆ, ಸಂಪತ್ತಿಗೆ ಒದಗುವ ಅಪಾಯಗಳನ್ನು ಬುದ್ಧ ದೀಘಜಾಣುವೆಂಬ ಗೃಹಸ್ಥನಿಗೆ ಎಣಿಸಿ ಹೇಳುವಾಗ ಕಳ್ಳರು, ಬೆಂಕಿ, ನೀರು, ಪ್ರೀತಿಯಿಲ್ಲದ ದಾಯಾದಿಗಳು ಇವರೆಲ್ಲರಿಗಿಂತ ಮುಂಚೆ ಅರಸರನ್ನು ಹೆಸರಿಸುತ್ತಾನೆ. ಅರಸನನ್ನು ಅವನು ಕುರುಡಾಗಿ ನಂಬಿದವನಲ್ಲ. ಕೂಟದಂತ ಸುತ್ತದಲ್ಲಿ ಮಹಾವಿಜಿತನೆಂಬ ರಾಜ ಮಹಾಯಜ್ಞಕ್ಕೆ ಹೊರಟಾಗ, ದೇಶದಲ್ಲಿ ದರೋಡೆ ಹೆಚ್ಚಿರುವಾಗ ಕರ ಎತ್ತುವುದು ಅಕಾರ್ಯವೆಂದು ಪುರೋಹಿತ ಎದುರಿಗೇ ಹೇಳುತ್ತಾನೆ. ಬೇಸಾಯಗಾರರಿಗೆ ಬೀಜ, ವ್ಯಾಪಾರಿಗಳಿಗೆ ಬಂಡವಾಳ, ರಾಜಸೇವಕರಿಗೆ ಅನ್ನ ಮತ್ತು ಸಂಬಳ ಕೊಟ್ಟರೆ ದರೋಡೆ ನಿಂತು ಬೊಕ್ಕಸ ತಾನಾಗಿ ತುಂಬುತ್ತದೆಂದು ತೋರಿಸಿಕೊಡುತ್ತಾನೆ. ಅನ್ಯಾಯದ ಕರ ಏನು ಮಾಡುತ್ತದೆಂಬುದಕ್ಕೆ ನಮ್ಮ ನೆಲದಲ್ಲಿಯೇ ನಿದರ್ಶನವಿದೆ: 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರ್ಕಾರ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದ್ದು 1837ರ ದಂಗೆಯ ಕಾರಣಗಳಲ್ಲೊಂದು. ಆದ್ದರಿಂದ ವಿರೋಧಿಸಬೇಡಿರೆಂದು ನಾನು ಹೇಳಲಾರೆ. ಗ್ರಾಮಸಭೆಯಲ್ಲಿ ಎದ್ದು ಕೇಳಿ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಮತದಲ್ಲಿ ತೋರಿಸಿ, ಪತ್ರಿಕೆಗೆ ಬರೆಯಿರಿ. ಪುರೋಹಿತ ಮಾತನಾಡಿದ್ದು ರಾಜನ ಎದುರಿಗೆ, ಹೆಸರು ಮರೆಸದೆ. ಲೆಕ್ಕದಲ್ಲಿ ಬಚ್ಚಿಟ್ಟ ಹಣಕ್ಕೂ ಅಂಥ ವಿರೋಧಕ್ಕೂ ಸಂಬಂಧವಿಲ್ಲ. ಬಚ್ಚಿಟ್ಟದ್ದು ಯಾವ ಯುದ್ಧವನ್ನೂ ನಿಲ್ಲಿಸದೆ ಬಚ್ಚಿಟ್ಟವರ ಮನೆಯಲ್ಲೇ ಉಳಿಯುತ್ತದೆ.

ಪ್ರಶ್ನೆ: ನಾನು ಕುಶಾಲನಗರದಲ್ಲಿ ಸಣ್ಣ ವ್ಯಾಪಾರ ಮಾಡುವ ಮಹಿಳೆ. ಶೀಲ ಸ್ವೀಕರಿಸುವ ಮೊದಲು ಎರಡು ಮೂರು ವರ್ಷ ಆದಾಯವನ್ನು ಕಡಿಮೆ ತೋರಿಸಿದ್ದೆ. ಈಗ ಅದು ಕಾಡುತ್ತದೆ. ಆ ಮೊತ್ತವನ್ನು ದಾನ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ತಾಯಿ, ದಾನ ಒಳ್ಳೆಯದು, ಆದರೆ ಅದು ಬೇರೆಯ ಖಾತೆ. ಯಾರಿಗೆ ಸಲ್ಲಬೇಕೋ ಅವರಿಗೇ ಸಲ್ಲಿಸುವ ದಾರಿ ಇರುವಾಗ ಅದನ್ನೇ ಹಿಡಿಯಬೇಕು, ಮತ್ತು ದಾರಿ ಇದೆ. 2022ರಿಂದ ಅಪ್‌ಡೇಟೆಡ್ ರಿಟರ್ನ್ ಎಂಬ ವ್ಯವಸ್ಥೆ ಬಂದಿದೆ. ಬಿಟ್ಟುಹೋದ ಆದಾಯವನ್ನು ತಾವಾಗಿ ತೋರಿಸಿ, ತೆರಿಗೆಯ ಮೇಲೆ ಇನ್ನೊಂದಿಷ್ಟು ಹೆಚ್ಚುವರಿ ಮೊತ್ತವನ್ನು ಕಟ್ಟಬಹುದು. ಮೊದಲು ಎರಡು ವರ್ಷವಿದ್ದ ಅದರ ಅವಧಿಯನ್ನು 2025ರಲ್ಲಿ ನಾಲ್ಕು ವರ್ಷಕ್ಕೆ ವಿಸ್ತರಿಸಿದ್ದಾರೆ, ತಡವಾದಷ್ಟೂ ಹೆಚ್ಚುವರಿ ಏರುತ್ತದೆ. ನಿಮ್ಮ ವರ್ಷಗಳು ಆ ಅವಧಿಯೊಳಗೆ ಬರುತ್ತವೆಯೇ ಎಂದು ಲೆಕ್ಕಪರಿಶೋಧಕರಲ್ಲಿ ಕೇಳಿರಿ.

ತಂದೆಯನ್ನೇ ಕೊಂದ ಅಜಾತಶತ್ರು ಬುದ್ಧನೆದುರು ತಪ್ಪೊಪ್ಪಿಕೊಂಡಾಗ, ತಪ್ಪನ್ನು ತಪ್ಪೆಂದು ಕಂಡು ಧರ್ಮದಂತೆ ಸರಿಪಡಿಸಿಕೊಂಡು ಮುಂದೆ ಸಂಯಮದಿಂದಿರುವುದೇ ಆರ್ಯರ ವಿನಯದಲ್ಲಿ ಬೆಳವಣಿಗೆ ಎಂದು ಬುದ್ಧ ಹೇಳಿದ. ಅಷ್ಟು ದೊಡ್ಡ ಪಾತಕದವನಿಗೂ ಅವನು ಬಾಗಿಲು ಮುಚ್ಚಲಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ತೋಟದ ಲೆಕ್ಕಕ್ಕೆ ಎರಡು ಪುಸ್ತಕಗಳಿದ್ದವು. ಎರಡನೆಯದರಲ್ಲಿ ಬರೆಯುವ ಕೆಲಸ ನನ್ನದಾಗಿತ್ತು. ತಿರುವಿನಲ್ಲಿ ಜೀಪಿನ ಸದ್ದು ಕೇಳಿದರೆ ಸಾಕು, ಅದನ್ನು ಪತ್ತಾಯದ (ಭತ್ತ ತುಂಬಿಡುವ ದೊಡ್ಡ ಪೆಟ್ಟಿಗೆಯ) ಹಿಂದೆ ಸೇರಿಸಲು ಓಡುತ್ತಿದ್ದೆ. ಆ ಪುಸ್ತಕ ಹೋಗಿ ಎಷ್ಟೋ ಕಾಲವಾದರೂ ಮನೆಯ ತಿರುವಿನಲ್ಲಿ ಗಾಡಿಯ ಸದ್ದಾದಾಗ ಒಂದು ಕ್ಷಣ ಮೈ ಬಿಗಿಯಾಗುತ್ತದೆ. ನಿಮಗೆ ಈಗಲೂ ಸಮಯವಿದೆ. ಹಳೆಯ ಬಿಲ್ಲುಗಳನ್ನು ಒಟ್ಟುಮಾಡಿ ಈ ವಾರದಲ್ಲೇ ಹೋಗಿಬನ್ನಿ.